ಅಕ್ಟೋಬರಿನಲ್ಲೇ ಶುರುವಾದ ನಮ್ಮ ಕ್ರಿಸ್ಮಸ್

2024ರ ಡಿಸೆಂಬರ್ 24ರ ರಾತ್ರಿ ಚರ್ಚಿನ ಮೈದಾನದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಾನು ನಿದ್ದೆ ಹೋಗಿದ್ದೆ. ಫಾದರ್ ಪ್ರಸಂಗ ಮಾಡುತ್ತಿದ್ದರು. ಮಗಳು ನನ್ನ ಸೆರಗು ಹಿಡಿದು ಎಳೆದಾಗಲೇ ಎಚ್ಚರ. ಹಿಂದಿನ ಎರಡು ರಾತ್ರಿ ಒಂದೂವರೆಯವರೆಗೆ ಎಣ್ಣೆ ಬಾಣಲೆಯ ಮುಂದೆ ನಿಂತಿದ್ದೆ. ಕೇಕ್ ಬೇಯಿಸಿಕೊಡುತ್ತಿದ್ದ ಬೇಕರಿಯವರು 'ಇನ್ನು ಜಾಗ ಇಲ್ಲ' ಎಂದು ತಟ್ಟೆ ವಾಪಸ್ ಕಳಿಸಿದ್ದರು. ಮಗನ ಹೊಸ ಪ್ಯಾಂಟ್ ಟೈಲರ್ ಕೈಯಲ್ಲೇ ಉಳಿದಿತ್ತು. ಊರಿಂದ ಅಮ್ಮ ಬರಬೇಕಿತ್ತು. ಡಿಸೆಂಬರ್ ಮೊದಲ ವಾರ ನೋಡಿದರೆ ಎಲ್ಲ ರೈಲೂ ವೇಟಿಂಗ್ ಲಿಸ್ಟ್. ಅವರು ಬರಲೇ ಇಲ್ಲ.

ಮನೆಗೆ ನಡೆದು ಬರುವಾಗ ಒಂಬತ್ತು ವರ್ಷದ ಮಗಳು ಕೇಳಿದಳು. "ಅಮ್ಮಾ, ಕ್ರಿಸ್ಮಸ್ ಬಂದ್ರೆ ನಿಂಗೆ ಕೋಪ ಬರುತ್ತೆ ಅಲ್ವಾ?"

ಐ.ಸಿ. ಕಾಲೊನಿಯ ರಸ್ತೆ ತುಂಬ ನಕ್ಷತ್ರಗಳು ಉರಿಯುತ್ತಿದ್ದವು. ಮುಂಬೈಯ ಬೋರಿವಲಿಯ ಈ ಭಾಗ ಆ ರಾತ್ರಿ ಎಷ್ಟು ಚೆಂದ ಕಾಣುತ್ತದೆ ಎಂದು ನೋಡಿದವರಿಗೇ ಗೊತ್ತು. ನನಗೆ ಮಾತ್ರ ಅವಳಿಗೆ ಕೊಡಲು ಉತ್ತರ ಇರಲಿಲ್ಲ. ಕೋಪ ಬಂದಿದ್ದು ನಿಜ. ಹದಿನೈದು ದಿನ ಮನೆಯವರ ಮೇಲೆಲ್ಲ ರೇಗಿದ್ದೆ.

ಅದಕ್ಕೇ 2025ರಲ್ಲಿ ಅಕ್ಟೋಬರಿಗೇ ಶುರು ಮಾಡಿದೆ. ಮೊದಲ ಕೆಲಸ ಅಮ್ಮನ ಟಿಕೆಟ್. ರೈಲ್ವೆಯವರು ಮುಂಗಡ ಬುಕಿಂಗ್ ಅನ್ನು 120 ದಿನದಿಂದ 60 ದಿನಕ್ಕೆ ಇಳಿಸಿದ್ದಾರೆ. ಡಿಸೆಂಬರ್ 13ಕ್ಕೆ ಅಮ್ಮ ಹೊರಡಬೇಕೆಂದರೆ ಅಕ್ಟೋಬರ್ 14ರ ಬೆಳಗ್ಗೆ 8 ಗಂಟೆಗೆ ಬುಕಿಂಗ್ ತೆರೆಯುತ್ತದೆ. ಆವತ್ತು ಮಕ್ಕಳ ಡಬ್ಬಿ ಕಟ್ಟುವುದನ್ನು ಗಂಡನಿಗೆ ವಹಿಸಿ ಏಳೂವರೆಗೇ ಫೋನ್ ಹಿಡಿದು ಕೂತೆ. ಮತ್ಸ್ಯಗಂಧ ರೈಲಿನಲ್ಲಿ ಕೆಳಗಿನ ಬರ್ತ್ ಸಿಕ್ಕಿತು! ಅಮ್ಮನಿಗೆ ಫೋನ್ ಮಾಡಿದರೆ, "ಇಷ್ಟು ಬೇಗ ಯಾಕೆ ಮಾರಾಯ್ತಿ, ಇನ್ನೂ ದೀಪಾವಳಿಯೇ ಆಗಲಿಲ್ಲ" ಎಂದರು. ದನಿಯಲ್ಲಿ ಖುಷಿ ಇತ್ತು.

ದೀಪಾವಳಿ ಮುಗಿದ ಶನಿವಾರ ಕ್ರಾಫರ್ಡ್ ಮಾರ್ಕೆಟಿಗೆ ಹೋದೆ. ಮರೀನ್ ಲೈನ್ಸಿನಲ್ಲಿ ಇಳಿದು, ಲೋಹಾರ್ ಚಾಳಿನ ದೀಪದ ಅಂಗಡಿಗಳ ನಡುವೆ ನಡೆದರೆ ಮಾರ್ಕೆಟ್ ದೂರವೇನಿಲ್ಲ. ದೀಪಾವಳಿಗೆ ಉಳಿದ ಸರಗಳು ನಮ್ಮ ನಕ್ಷತ್ರಕ್ಕೂ ಆಗುತ್ತವಲ್ಲ, ಎರಡು ತೆಗೆದುಕೊಂಡೆ. ಒಣದ್ರಾಕ್ಷಿ, ಕಪ್ಪುದ್ರಾಕ್ಷಿ, ಖರ್ಜೂರ, ಕಿತ್ತಳೆ ಸಿಪ್ಪೆ, ಟೂಟಿ ಫ್ರೂಟಿ, ಎಲ್ಲ ನಿಂತು ರುಚಿ ನೋಡಿ ಆರಿಸಿದೆ. ರೋಸ್ ಕುಕ್ಕೀಸಿಗೆ ಹೊಸ ಅಚ್ಚು ಕೂಡ ಸಿಕ್ಕಿತು. ಡಿಸೆಂಬರಿನಲ್ಲಿ ಅಲ್ಲಿ ನೂಕುನುಗ್ಗಲಿನಲ್ಲಿ ಪರ್ಸ್ ಹಿಡಿದುಕೊಂಡು ಓಡುವುದೇ ಆಗುತ್ತಿತ್ತು. ಈ ಸಲ ಮೊದಲ ಬಾರಿಗೆ ಹೊರಗೆ ನಿಂತು ತಲೆಯೆತ್ತಿ ನೋಡಿದೆ. 1869ರ ಆ ಕಟ್ಟಡದ ಬಾಗಿಲ ಮೇಲೆ ರೈತರ, ಮಾರುಕಟ್ಟೆಯ ಜನರ ಕೆತ್ತನೆ ಇದೆ. ಹನ್ನೆರಡು ವರ್ಷದಿಂದ ಹೋಗುತ್ತಿದ್ದೇನೆ, ಕಂಡಿರಲೇ ಇಲ್ಲ.

ಹಣ್ಣೆಲ್ಲ ಸಣ್ಣಗೆ ಹೆಚ್ಚಿ, ಗಾಜಿನ ಭರಣಿಗೆ ಹಾಕಿ, ಮುಳುಗುವಷ್ಟು ರಮ್ ಸುರಿದೆ. ಒದ್ದೆ ಚಮಚ ತಾಗಿಸಬಾರದು, ಅಷ್ಟೇ ನಿಯಮ. ಪ್ರತಿ ಭಾನುವಾರ ಪೂಜೆಯಿಂದ ಬಂದ ಮೇಲೆ ಮಕ್ಕಳು ಸರದಿಯಲ್ಲಿ ಭರಣಿ ಅಲ್ಲಾಡಿಸುತ್ತಿದ್ದರು. ಹುಬ್ಬಳ್ಳಿಯ ಅತ್ತೆಯವರು ರಮ್ ಮುಟ್ಟುವುದಿಲ್ಲ. ಅವರ ಕೇಕಿನ ಹಣ್ಣನ್ನು ಕಿತ್ತಳೆ ರಸದಲ್ಲಿ ಕುದಿಸಿ ಫ್ರಿಜ್ಜಿನಲ್ಲಿ ಇಡಬೇಕು, ಅದು ಕೆಲವೇ ದಿನ ಬಾಳುವುದು. ಅದನ್ನು ಡಿಸೆಂಬರಿಗೇ ಬಿಟ್ಟೆ.

ಟೈಲರ್, ಪರದೆ ಒಗೆಯುವುದು, ಮಾಂಸದ ಸಾರಿನ ಬಫಾತ್ ಮಸಾಲೆ ಪುಡಿ ಹುರಿದು ಬೀಸುವುದು ನವೆಂಬರಿನಲ್ಲಿ ಮುಗಿದವು. ಬೇಕರಿಗೆ ಹೋಗಿ ಡಿಸೆಂಬರ್ 15ರ ದಿನವನ್ನು ಮೊದಲೇ ಹೇಳಿಟ್ಟೆ. ಕೇಕ್ ಹತ್ತು ದಿನ ಇಟ್ಟರೆ ರುಚಿ ಜಾಸ್ತಿಯೇ ಆಗುತ್ತದೆ.

ಇಷ್ಟಾದ ಮೇಲೆ ನನಗೆ ಹುರುಪು ಬಂತು. ನವೆಂಬರ್ ಮೂರನೇ ವಾರ, ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲಿ, ಒಬ್ಬಳೇ ಕೂತು ಒಂದು ಕಿಲೋ ಮೈದಾದ ಕಿಡಿಯೊ ಮಾಡಿಟ್ಟೆ. ಕರಾವಳಿಯ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ತಟ್ಟೆಯಲ್ಲಿ ನನಗೆ ಬಹಳ ಇಷ್ಟವಾದ ತಿಂಡಿ ಇದು. ತೆಂಗಿನ ಹಾಲಿನಲ್ಲಿ ಕಲಸಿದ ಹಿಟ್ಟಿನ ಚಿಕ್ಕ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಸುತ್ತಬೇಕು. ಗೆರೆಗೆರೆಯ ಹುಳುವಿನ ಹಾಗೆ ಕಾಣುತ್ತದೆ, ಕೊಂಕಣಿಯಲ್ಲಿ ಹೆಸರಿನ ಅರ್ಥವೂ ಅದೇ. ಸಂಜೆ ಮಗಳು ಡಬ್ಬಿ ತೆರೆದು ನೋಡಿದಳು. ತಿನ್ನಲಿಲ್ಲ. "ನಮ್ಮನ್ನು ಬಿಟ್ಟು ಮಾಡಿಬಿಟ್ಟೆಯಾ?" ಎಂದಳು.

ಆ ರಾತ್ರಿ ನನ್ನ ಪಟ್ಟಿ ಮುಂದಿಟ್ಟುಕೊಂಡು ತುಂಬ ಹೊತ್ತು ಯೋಚಿಸಿದೆ. ಉಡುಪಿ ಕಡೆಯ ಶಿರ್ವದ ನಮ್ಮ ತವರು ಮನೆಯಲ್ಲಿ ಕಿಡಿಯೊ ಮಾಡುವ ರಾತ್ರಿ ಅಂದರೆ ಚಾಪೆ ಹಾಸಿ, ಅಜ್ಜಿ, ಚಿಕ್ಕಮ್ಮಂದಿರು, ಪಕ್ಕದ ಮನೆಯ ಮಕ್ಕಳು, ಎಲ್ಲರೂ ಸುತ್ತ ಕೂರುತ್ತಿದ್ದೆವು. ಫೋರ್ಕ್ ಸಾಲದೆ ಹೊಸ ಬಾಚಣಿಗೆಯಲ್ಲೂ ಒತ್ತುತ್ತಿದ್ದೆವು. ಆ ರಾತ್ರಿಯನ್ನು ನಾನು ಕೆಲಸ ಎಂದು ಲೆಕ್ಕ ಹಾಕಿ ಪಟ್ಟಿಗೆ ಸೇರಿಸಿದ್ದೆ! ಪಟ್ಟಿಯಲ್ಲಿ ಒಬ್ಬಳೇ ಮಾಡುವುದಕ್ಕೆ ಒಂದು ಗುರುತು, ಎಲ್ಲರೂ ಕೂತು ಮಾಡುವುದಕ್ಕೆ ಇನ್ನೊಂದು ಗುರುತು ಹಾಕಿದೆ. ಕಿಡಿಯೊ, ಕರ್ಜಿಕಾಯಿಯಂಥ ನೆವ್ರಿ, ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿ, ನಕ್ಷತ್ರ ಇವೆಲ್ಲ ಡಿಸೆಂಬರಿಗೆ ಹೋದವು. ಮಾಡಿಟ್ಟಿದ್ದ ಕಿಡಿಯೊ ಕೆಳಗಿನ ಮನೆಗೆ ಕೊಟ್ಟೆ. ಅಲ್ಲಿನ ಉಡುಪಿ ಕಡೆಯ ಅಕ್ಕ ನಮಗೆ ದೀಪಾವಳಿಗೆ ಡಬ್ಬಿ ತುಂಬ ಚಕ್ಕುಲಿ ಕಳಿಸಿದ್ದರು.

ಕ್ರಿಸ್ಮಸ್‌ಗೆ ಸಿದ್ಧವಾಗುವ ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 30ಕ್ಕೆ ಬಂತು. ಎರಡು ವಾರ ಕಳೆದು, ಡಿಸೆಂಬರ್ 14ರ ಬೆಳಗ್ಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ ನಿಲ್ದಾಣದಲ್ಲಿ ಅಮ್ಮ ಇಳಿದರು. ಕೈಯಲ್ಲಿ ಒಂದು ಚೀಲ ಬಟ್ಟೆ, ಮೂರು ಚೀಲ ಸಾಮಾನು. ಕೊಬ್ಬರಿ, ಬೆಲ್ಲ, ಗೋದಲಿಗೆ ಒಂದು ಹಿಡಿ ಬೈಹುಲ್ಲು, ಕಾಗದದಲ್ಲಿ ಕಟ್ಟಿದ ರಾಗಿ. ಬಂದ ದಿನವೇ ಅಲ್ಯುಮಿನಿಯಂ ತಟ್ಟೆಗೆ ಮಣ್ಣು ಹಾಕಿ, ಮಕ್ಕಳ ಕೈಯಲ್ಲಿ ರಾಗಿ ಬಿತ್ತಿಸಿದರು. ಬಾಲಯೇಸುವಿನ ಸುತ್ತ ಹಸಿರು ಹೊಲ ಇರಬೇಕಲ್ಲ. ನಮ್ಮ ಆರನೇ ಮಹಡಿಯ ಕಿಟಕಿಯಲ್ಲಿ ನಾಲ್ಕನೇ ದಿನ ಮೊಳಕೆ ಬಂತು. ಮಗ ಶಾಲೆಗೆ ಹೋಗುವ ಮೊದಲು ಸ್ಕೇಲ್ ಹಿಡಿದು ಅಳೆಯುತ್ತಿದ್ದ.

20ರ ರಾತ್ರಿ ಮನೆಯ ಹಾಲ್‌ನಲ್ಲಿ ಚಾಪೆ ಹಾಸಿದೆವು. ಕೆಳಗಿನ ಮನೆಯ ಅಕ್ಕ, ಅವರ ಇಬ್ಬರು ಮಕ್ಕಳೂ ಬಂದರು. ಗಂಡ ತನ್ನ ಅಜ್ಜಿಯ ಕರ್ಜಿಕಾಯಿಯ ಹಾಗೆ ನೆವ್ರಿಯ ಅಂಚು ಮಡಚಿ ತೋರಿಸಿದ. ಅಮ್ಮ ಒಪ್ಪಲಿಲ್ಲ, ಮತ್ತೆ ಬಿಚ್ಚಿ ತಮ್ಮ ರೀತಿಯಲ್ಲಿ ಮಡಚಿದರು. ಹಸಿ ತೆಂಗಿನ ಹೂರಣ ಬೇಗ ಹಾಳಾಗುತ್ತದೆ, ಒಣಕೊಬ್ಬರಿಯಾದರೆ ಬಾಳುತ್ತದೆ ಎಂದು ಮಗಳಿಗೆ ಹೇಳಿಕೊಟ್ಟರು. ಅವಳು ಅದನ್ನು ನನ್ನ ಪಟ್ಟಿಯ ಹಿಂದೆ ಬರೆದಿಟ್ಟಳು. ಹನ್ನೊಂದೂವರೆಗೆ ಕ್ಯಾರಲ್ ಹಾಡುವವರು ಬಂದಾಗ ಎಲ್ಲರ ಕೈಯೂ ಹಿಟ್ಟು. ಹಾಗೇ ಬಾಗಿಲಲ್ಲಿ ನಿಂತು ಅವರ ಜೊತೆ ಹಾಡಿದೆವು.

24ರ ಮಧ್ಯಾಹ್ನ ಊಟ ಆದ ಮೇಲೆ ಅಡುಗೆಮನೆಗೆ ಹೋದೆ. ಅಲ್ಲಿ ಮಾಡಲು ಏನೂ ಇರಲಿಲ್ಲ. ಮಸಾಲೆ ಸಿದ್ಧವಿತ್ತು, ಇಡ್ಲಿಯಂಥ ಸಣ್ಣಕ್ಕೆ ಅಕ್ಕಿ ನೆನೆದಿತ್ತು, ತಟ್ಟೆಗಳು ನೆರೆಮನೆಗಳಿಗೆ ಹೋಗಿ ಬಂದಿದ್ದವು. ಸುಮ್ನೆ ಹೋಗಿ ಮಲಗಿದೆ.

ಎಚ್ಚರವಾದಾಗ ನಾಲ್ಕು ಗಂಟೆ ದಾಟಿತ್ತು. ಹಾಲ್‌ನಲ್ಲಿ ಮೆಲ್ಲಗೆ ಮಾತು. ಅಮ್ಮ ಮತ್ತು ಮಕ್ಕಳು ಗೋದಲಿಯ ಮುಂದೆ ರಾಗಿ ತಟ್ಟೆ ಇಡುತ್ತಿದ್ದರು. ಪೈರು ಬೆರಳುದ್ದ ಬೆಳೆದಿತ್ತು. ಮಗ ಕುರಿಗಳನ್ನು ಎಲ್ಲಿ ನಿಲ್ಲಿಸಬೇಕೆಂದು ಜೋರಾಗಿ ಕೇಳಿದ. "ಶ್, ಅಮ್ಮ ಮಲಗಿದ್ದಾಳೆ" ಎಂದಳು ಮಗಳು.

ನಾನು ಕಣ್ಣು ಮುಚ್ಚಿಕೊಂಡು ಇನ್ನೂ ಸ್ವಲ್ಪ ಹೊತ್ತು ಹಾಗೇ ಮಲಗಿದ್ದೆ.