ಸ್ನಾನ ಮಾಡಿದ ದಿನ ಮಾತ್ರ

ಮನೆ ರಿಪೇರಿ ಕಂಪನಿಯೊಂದರಲ್ಲಿ ಗ್ರಾಹಕರ ಫೋನ್ ತೆಗೆದುಕೊಳ್ಳುವುದು ನನ್ನ ಕೆಲಸ. ಅವರು ಹೇಳಿದ್ದನ್ನು ಬರೆದುಕೊಂಡು, ಟಿಕೆಟ್ ಮಾಡಿ, ಅಂದರೆ ದೂರನ್ನು ಕಂಪ್ಯೂಟರ್‌ನಲ್ಲಿ ದಾಖಲಿಸಿ, ಪ್ಲಂಬರನ್ನೋ ಎಲೆಕ್ಟ್ರಿಷಿಯನ್ನನ್ನೋ ಕಳಿಸುತ್ತೇನೆ. ವರ್ಷಗಟ್ಟಲೆ ಮಾಡಿದ ಕೆಲಸ. ಆದರೂ ಇದರಲ್ಲಿ ಮುಖ್ಯವಾದದ್ದು ಯಾವುದು ಅಂತ ನನಗೆ ಸರಿಯಾಗಿ ಗೊತ್ತಾಗಿದ್ದು ಒಬ್ಬ ಹಿರಿಯ ಹೆಂಗಸಿನಿಂದ.

ಅವತ್ತು ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ನೋಡಪ್ಪಾ, ಮೊದಲಿಂದ ಹೇಳ್ತಿರೋದು ಇದು ಆರನೇ ಸಲ. ಪ್ರತಿ ಸಲ ಬೇರೆಯವರು ಫೋನ್ ತಗೋತೀರಿ. ಪ್ರತಿ ಸಲ ಬೇರೆ ಹುಡುಗ ಬರ್ತಾನೆ. ಏನು ಪ್ರಾಬ್ಲಮ್ ಅಂತ ನನ್ನನ್ನೇ ಕೇಳ್ತಾನೆ."

"ತೊಂದರೆಗೆ ಕ್ಷಮಿಸಿ" ಅನ್ನುವ ಸಾಲು ನಮ್ಮ ಬಾಯಲ್ಲಿ ಯಾವಾಗಲೂ ಸಿದ್ಧವಾಗಿರುತ್ತದೆ. ಆರನೇ ಸಲಕ್ಕೆ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಹಳೆಯ ಟಿಕೆಟ್‌ಗಳನ್ನು ತೆಗೆದು ನೋಡಿದೆ. ಮಹಡಿಯ ಬಾತ್‌ರೂಮಿನಿಂದ ಕೆಳಗಿನ ಕೋಣೆಯ ಗೋಡೆಗೆ ನೀರು ಸೋರುವ ದೂರು. ಮೊದಲ ಸಲ ಮಹಡಿಯ ಬಾತ್‌ರೂಮಿನ ನಲ್ಲಿಗೆ ವಾಷರ್ ಹಾಕಿದ್ದರು. ಎರಡನೇ ಸಲ ವಾಲ್ವ್ ಬದಲಾಯಿಸಿದ್ದರು. ಮೂರನೇ ಸಲ ಟೈಲ್ಸ್ ಸಂದಿಗೆ ಸಿಮೆಂಟ್ ತುಂಬಿದ್ದರು. ನಾಲ್ಕನೇ ಟಿಕೆಟ್‌ನಲ್ಲಿ "ಮನೆಯಲ್ಲಿ ಯಾರೂ ಇಲ್ಲ" ಅಂತಿತ್ತು. ಅವರು ಅವತ್ತು ಬೆಳಗಿಂದ ಸಂಜೆವರೆಗೆ ಮನೆಯಲ್ಲೇ ಕಾದಿದ್ದರಂತೆ. ಐದನೇ ಸಲ ಬಂದವರು ಕೆಳಗಿನ ಕೋಣೆಯ ಒದ್ದೆ ಗೋಡೆಯ ಮೇಲೆ ಬಣ್ಣ ಹೊಡೆದು ಹೋಗಿದ್ದರು. ಐದಕ್ಕೂ "ಮುಗಿದಿದೆ" ಅಂತ ಬಿದ್ದಿತ್ತು.

ಹಾಗೆ ಬೀಳುವುದಕ್ಕೆ ಕಾರಣವಿದೆ. ಟೆಕ್ನಿಷಿಯನ್ ಮೊಬೈಲ್‌ನಲ್ಲಿ ಒಂದು ಬಟನ್ ಒತ್ತಿದರೆ ನಮ್ಮಲ್ಲಿ ಟಿಕೆಟ್ ಮುಚ್ಚುತ್ತಿತ್ತು. ಅದೇ ದಿನ ಮುಚ್ಚಿದರೆ ಒಳ್ಳೆಯ ಕೆಲಸ ಅಂತ ಲೆಕ್ಕ. ಆದರೆ ಲೀಕ್ ನಿಂತಿದೆಯೋ ಇಲ್ಲವೋ ಅದೇ ದಿನ ಗೊತ್ತಾಗುವುದೇ ಇಲ್ಲ. ಸರಿ ಮಾಡಿದ ಮೇಲೂ ಸ್ಲ್ಯಾಬ್ ಕುಡಿದ ನೀರು ಎಷ್ಟೋ ದಿನ ಹೊರಗೆ ಬರುತ್ತಲೇ ಇರುತ್ತದೆ.

ಸೂಪರ್‌ವೈಸರ್ ಜೊತೆ ನಾನೂ ಆ ಮನೆಗೆ ಹೋದೆ. ಗೋಡೆ ನೋಡಿ ನಿಂತುಬಿಟ್ಟೆ. ಕಲೆ ಎಲ್ಲಿಯವರೆಗೆ ಇಳಿದಿದೆಯೋ ಅಲ್ಲೆಲ್ಲ ಪೆನ್ಸಿಲ್ ಗೆರೆ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ತಾರೀಕು. ನಾವು ಬಣ್ಣ ಹೊಡೆದು ಅವರ ಹಳೆಯ ಗೆರೆಗಳನ್ನು ಅಳಿಸಿದ್ದೆವು, ಅವರು ಮತ್ತೆ ಹಾಕಲು ಶುರು ಮಾಡಿದ್ದರು. ಒಂದು ಕಡೆ ನಾಲ್ಕು ದಿನಕ್ಕೂ ಸೇರಿ ಒಂದೇ ಗೆರೆ. "ಆ ನಾಲ್ಕು ದಿನ ಮಗಳ ಮನೇಲಿದ್ದೆ. ಬಾತ್‌ರೂಮ್ ಯಾರೂ ಬಳಸಿಲ್ಲ. ಸ್ನಾನ ಮಾಡಿದ ದಿನ ಮಾತ್ರ ಜಾಸ್ತಿ ಆಗುತ್ತೆ ಅಂತ ಮೊದಲ ಫೋನಲ್ಲೇ ಹೇಳಿದ್ದೆ ಅಲ್ವಾ?"

ಆಫೀಸಿಗೆ ವಾಪಸ್ ಬಂದು ಆ ಮೊದಲ ಫೋನಿನ ರೆಕಾರ್ಡಿಂಗ್ ಕೇಳಿದೆ. ಹೌದು, ಅದೇ ಮಾತನ್ನು ಅವರು ನಿಧಾನವಾಗಿ ಎರಡು ಸಲ ಹೇಳಿದ್ದರು. ಆ ಕಡೆ "ಸರಿ ಅಮ್ಮಾ, ಸರಿ ಅಮ್ಮಾ" ಅನ್ನುತ್ತಿದ್ದ ದನಿ ನನ್ನದು. ನಾನು ಟಿಕೆಟ್‌ನಲ್ಲಿ ಬರೆದಿದ್ದು ಇಷ್ಟೇ: "ಮಹಡಿ ಬಾತ್‌ರೂಮ್ ಲೀಕ್."

ನಾನು ಬಿಟ್ಟ ಆ ಒಂದು ಮಾತಿನಲ್ಲೇ ಅರ್ಧ ಉತ್ತರ ಇತ್ತು. ನಲ್ಲಿಗೆ ನೀರು ತರುವ ಪೈಪಿನಲ್ಲಿ ಸಾಮಾನ್ಯವಾಗಿ 24 ಗಂಟೆಯೂ ಒತ್ತಡ ಇರುತ್ತದೆ. ಅದು ಸೋರಿದರೆ ಮನೆಯಲ್ಲಿ ಯಾರಿರಲಿ ಬಿಡಲಿ, ಸೋರುತ್ತಲೇ ಇರುತ್ತದೆ. ಬಳಸಿದಾಗ ಮಾತ್ರ ಸೋರಿದರೆ ಮೊದಲ ಅನುಮಾನ ನೀರು ಹೊರಗೆ ಹೋಗುವ ದಾರಿಯ ಮೇಲೆ, ಇಲ್ಲವೇ ನೆಲದ ವಾಟರ್‌ಪ್ರೂಫಿಂಗ್ ಮೇಲೆ, ಅಂದರೆ ನೀರು ಕೆಳಗಿಳಿಯದಂತೆ ಹಾಕಿದ ಪದರದ ಮೇಲೆ. ವಾಷರ್, ವಾಲ್ವ್ ಮುಟ್ಟುವ ಅಗತ್ಯವೇ ಇರಲಿಲ್ಲ.

ಮರುದಿನ ನಮ್ಮ ಹಳೆಯ ಪ್ಲಂಬರ್ ಒಬ್ಬರು ಡ್ರೈನ್ ಬಾಯಿಗೆ ರಬ್ಬರ್ ಮುಚ್ಚಳ ಹಾಕಿ, ನೆಲದ ಮೇಲೆ ನೀರು ನಿಲ್ಲಿಸಿ 24 ಗಂಟೆ ಬಿಟ್ಟರು. ಕೆಳಗೆ ಕಲೆ ಗೆರೆ ದಾಟಲಿಲ್ಲ. ಮುಚ್ಚಳ ತೆಗೆದು ಅಷ್ಟೂ ನೀರು ಹರಿಯಲು ಬಿಟ್ಟರು. ಸಂಜೆ ಹೊತ್ತಿಗೆ ಕಲೆ ಗೆರೆ ದಾಟಿತ್ತು. ಅಂದರೆ ನೆಲ ಸರಿಯಿತ್ತು, ಸೋರುತ್ತಿದ್ದದ್ದು ನೀರು ಹೊರಗೆ ಹೋಗುವ ದಾರಿಯಲ್ಲಿ. ಡ್ರೈನ್ ಸುತ್ತಲಿನ ಎರಡು ಟೈಲ್ ಒಡೆದು ನೋಡಿದಾಗ ಫ್ಲೋರ್ ಟ್ರ್ಯಾಪ್ (ಡ್ರೈನ್ ಬಾಯಿಯ ಕೆಳಗೆ ನೀರು ಇಳಿಯುವ ಬಟ್ಟಲು) ಮತ್ತು ಪೈಪು ಸೇರುವ ಜಾಯಿಂಟ್ ಬಿಟ್ಟುಕೊಂಡಿತ್ತು. ಅದನ್ನು ಸರಿ ಮಾಡಲು ಒಂದು ದಿನ ಸಾಕಾಯಿತು.

ಆಮೇಲೆ ಆಫೀಸಿನಲ್ಲಿ ಎರಡು ವಿಷಯ ಕೇಳಿದೆ. ಮೊದಲನೆಯದು: ಗ್ರಾಹಕರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆಯಲು ಟಿಕೆಟ್‌ನಲ್ಲಿ ಜಾಗ ಬೇಕು, ಮತ್ತೆ ಹೋಗುವವರು ಹಳೆಯದನ್ನು ಓದಿಯೇ ಹೊರಡಬೇಕು. ಇದಕ್ಕೆ ಬೇಗ ಒಪ್ಪಿದರು. ಎರಡನೆಯದಕ್ಕೆ ತುಂಬಾ ವಾದ ಆಯಿತು: ಲೀಕ್ ನಿಂತಿದೆ ಅಂತ ಮನೆಯವರು ಹೇಳುವವರೆಗೆ ಟಿಕೆಟ್ ಮುಚ್ಚಬಾರದು. ಬಾಕಿ ಟಿಕೆಟ್‌ಗಳ ಸಂಖ್ಯೆ ಏರುತ್ತದೆ, ರಿಪೋರ್ಟ್ ಕೆಟ್ಟದಾಗಿ ಕಾಣುತ್ತದೆ ಅಂದರು. ಕಾಣಲಿ ಬಿಡಿ, ಇರುವುದೇ ಹಾಗೆ ಅಲ್ವಾ ಅಂದೆ. ಸದ್ಯಕ್ಕೆ ನೀರಿನ ಕೆಲಸಗಳಿಗೆ ಮಾತ್ರ ಒಪ್ಪಿದ್ದಾರೆ. ಉಳಿದವಕ್ಕೂ ಕೇಳುತ್ತಲೇ ಇದ್ದೇನೆ.

ಈಗ ಫೋನ್ ಬಂದರೆ ಏನಾಗಿದೆ ಅಂತ ಕೇಳಿ ಸುಮ್ಮನಾಗುವುದಿಲ್ಲ. ಯಾವಾಗ ಜಾಸ್ತಿ ಆಗುತ್ತದೆ, ಯಾವಾಗ ಇರುವುದಿಲ್ಲ ಅಂತಲೂ ಕೇಳುತ್ತೇನೆ. ಮನೆಯಲ್ಲಿ ಇರುವವರಿಗೆ ಅದು ಗೊತ್ತಿರುತ್ತದೆ.

ಹೋದ ವಾರ ಆ ಅಮ್ಮನಿಗೆ ಫೋನ್ ಮಾಡಿದ್ದೆ. "ಗೆರೆ ಅಲ್ಲೇ ನಿಂತಿದೆಯಪ್ಪಾ. ಗೋಡೆ ಮುಟ್ಟಿದರೆ ಇನ್ನೂ ಸ್ವಲ್ಪ ತಣ್ಣಗಿದೆ. ಪೂರ್ತಿ ಒಣಗಲಿ, ಆಮೇಲೆ ಬಣ್ಣ" ಅಂದರು. ಅವರು ಹೇಳಿದ ಹಾಗೆಯೇ ಬರೆದುಕೊಂಡೆ. ಟಿಕೆಟ್ ಇನ್ನೂ ಮುಚ್ಚಿಲ್ಲ.