ಮಗುವಿನ ಹಾಳೆ ಮುಟ್ಟದ ಟೀಚರ್

ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ನನ್ನ ಮಗಳು ಹೋಗುವ ಡ್ರಾಯಿಂಗ್ ಕ್ಲಾಸಿನಲ್ಲಿ ಟೀಚರ್ ಮಕ್ಕಳ ಹಾಳೆಯ ಮೇಲೆ ಪೆನ್ಸಿಲ್ ಇಡುವುದಿಲ್ಲ. ಕುದುರೆಯ ಕಾಲು ಸರಿಯಾಗಿ ಬರಲಿಲ್ಲ ಎಂದು ಮಗು ಅತ್ತರೂ ತಾವಾಗಿ ಬರೆದು ತೋರಿಸುವುದಿಲ್ಲ. ಪಕ್ಕದಲ್ಲಿ ಮಂಡಿಯೂರಿ ಕೂತು, ಕುದುರೆ ನಿಂತಿದೆಯಾ ಓಡುತ್ತಿದೆಯಾ, ಮೊಣಕಾಲು ಯಾವ ಕಡೆ ಮಡಿಸುತ್ತದೆ ಎಂದು ಕೇಳುತ್ತಾರೆ. ಗೊತ್ತಿಲ್ಲ ಅಂದರೆ, ನೀನೇ ನಾಲ್ಕು ಕಾಲಲ್ಲಿ ಓಡಿ ನೋಡು ಅನ್ನುತ್ತಾರೆ. ಮಗು ನೆಲದ ಮೇಲೆ ಕೈಯೂರಿ ಒಂದು ಸುತ್ತು ಓಡಿ ಬಂದು, ಕಣ್ಣೊರೆಸಿಕೊಂಡು ಮತ್ತೆ ಬರೆಯಲು ಕೂರುತ್ತದೆ. ಈ ಸಲದ ಕಾಲು ಕುದುರೆಯದ್ದೇ ಆಗಿರಬೇಕೆಂದೇನೂ ಇಲ್ಲ. ಆದರೆ ಅದು ಆ ಮಗುವೇ ಕಂಡುಕೊಂಡ ಕಾಲು.

ಇಲ್ಲಿನ ಪ್ರಾಥಮಿಕ ಶಾಲೆ ನಾಲ್ಕು ವರ್ಷದ್ದು, ಆರರಿಂದ ಹತ್ತರ ವಯಸ್ಸಿನ ಮಕ್ಕಳಿಗೆ. ಪಾಠಗಳು ಹೆಚ್ಚಾಗಿ ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತವೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳ ಮಕ್ಕಳು ಆಮೇಲೆ ಸಂಜೆಯವರೆಗೆ ಶಾಲಾ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರದಲ್ಲಿ ಇರುತ್ತಾರೆ, ಕೆಲವರು ಸಂಗೀತ, ಈಜು, ಚಿತ್ರ ಎಂದು ಹೋಗುತ್ತಾರೆ. ಡ್ರಾಯಿಂಗ್ ಕ್ಲಾಸಿಗೆ ಬೇಕಾದ ಸರಂಜಾಮು ದೊಡ್ಡದಲ್ಲ. ಹನ್ನೆರಡು ಬಣ್ಣದ ಬಿಲ್ಲೆಗಳೂ ಒಂದು ಬಿಳಿ ಬಣ್ಣದ ಟ್ಯೂಬೂ ಇರುವ ಪೆಟ್ಟಿಗೆ, ಬೇರೆ ಬೇರೆ ದಪ್ಪದ ಬ್ರಷ್‌ಗಳು, ಬಣ್ಣದ ಪೆನ್ಸಿಲ್, ಬಟ್ಟೆ ಹಾಳಾಗದ ಹಾಗೆ ಮೇಲೆ ಹಾಕಿಕೊಳ್ಳಲು ಅಪ್ಪನ ಹಳೆಯ ಶರಟು. ರಬ್ಬರ್ ಮಾತ್ರ ಇಲ್ಲ. ತಪ್ಪಾಯಿತು ಅನ್ನಿಸಿದ ಗೆರೆಯನ್ನು ಬೇರೆ ಏನಾದರೂ ಮಾಡು ಎಂಬುದು ಅಲ್ಲಿನ ರೂಢಿ.

ಇದು ಈಗಿನ ಹೊಸ ಫ್ಯಾಷನ್ ಇರಬೇಕು ಎಂದು ಮೊದಲು ಅನ್ನಿಸಿತ್ತು. ವಿಚಾರಿಸಿದರೆ ಇದೇ ಊರಿನಲ್ಲಿ ಇದಕ್ಕೆ ಒಂದು ಶತಮಾನಕ್ಕೂ ಹೆಚ್ಚಿನ ಇತಿಹಾಸ ಇದೆ. ಈಗ ಚೆಕ್ ದೇಶದಲ್ಲಿರುವ ಬೊಹೀಮಿಯಾದಲ್ಲಿ 1865ರಲ್ಲಿ ಹುಟ್ಟಿದ ಫ್ರಾನ್ಸ್ ಚಿಜೆಕ್ ಎಂಬ ಯುವಕ ಕಲೆ ಕಲಿಯಲು 1885ರಲ್ಲಿ ವಿಯೆನ್ನಾಕ್ಕೆ ಬಂದು ಒಬ್ಬ ಬಡಗಿಯ ಮನೆಯಲ್ಲಿ ಬಾಡಿಗೆಗಿದ್ದ. ಆ ಮನೆಯ ಮಕ್ಕಳು ಅವನ ಕೋಣೆಗೆ ನುಗ್ಗಿ ಬಣ್ಣ ಕೇಳುತ್ತಿದ್ದರು, ಅವನು ಕೊಡುತ್ತಿದ್ದ. ಕಿಟಕಿಯ ಎದುರಿನ ಹಲಗೆಬೇಲಿಯ ಮೇಲೂ ಬೀದಿಯ ಹುಡುಗರು ಚಿತ್ರ ಬರೆಯುತ್ತಿದ್ದರು. ಅಲ್ಲಿ ಜಾಗಕ್ಕಾಗಿ ಜಗಳವೇ ಆಗುತ್ತಿತ್ತಂತೆ. ಯಾರೂ ಹೇಳಿಕೊಡದಿದ್ದರೂ ಈ ಮಕ್ಕಳ ಚಿತ್ರಗಳಿಗೆಲ್ಲ ಒಂದೇ ಜಾಡು ಇರುವುದು ಅವನ ಕಣ್ಣಿಗೆ ಬಿತ್ತು. ಮಕ್ಕಳು ದೊಡ್ಡವರ ಹಾಗೆ ಬರೆಯಲು ಸೋತವರಲ್ಲ, ಅವರ ಚಿತ್ರಕ್ಕೆ ಅದರದೇ ಕಟ್ಟಳೆಗಳಿವೆ ಎಂಬ ಮಾತು ಅಲ್ಲಿಂದ ಹುಟ್ಟಿತು.

ಆ ಕಾಲದ ಶಾಲೆಗಳಲ್ಲಿ ಡ್ರಾಯಿಂಗ್ ಎಂದರೆ ಮಾದರಿ ನೋಡಿ ನಕಲು ಮಾಡುವುದು. ಚಿಜೆಕ್ 1897ರಲ್ಲಿ ಮಕ್ಕಳಿಗಾಗಿ ತಮ್ಮದೇ ಕಲಾ ತರಗತಿ ತೆರೆದರು. 1904ರ ಹೊತ್ತಿಗೆ ಅದು ವಿಯೆನ್ನಾದ ಕುಶಲಕಲಾ ಶಾಲೆಯ ಭಾಗವಾಯಿತು, 1938ರವರೆಗೂ ನಡೆಯಿತು. ಮೊದಲ ಮಹಾಯುದ್ಧ ಮುಗಿದು ವಿಯೆನ್ನಾದ ಮಕ್ಕಳು ಹಸಿವಿನಲ್ಲಿದ್ದಾಗ, 1920ರಲ್ಲಿ, ಆ ತರಗತಿಯ ಚಿತ್ರಗಳು ಲಂಡನ್ನಿನಲ್ಲಿ ಪ್ರದರ್ಶನಗೊಂಡು, ಬಳಿಕ ಬ್ರಿಟನ್ನಿನ ಬೇರೆ ಬೇರೆ ಊರುಗಳಿಗೂ ಹೋದವು. ನೋಡಲು ಬಂದವರಿಂದ ಮಕ್ಕಳ ನೆರವಿಗೆ ಹಣವೂ ಸೇರಿತು. ಮಕ್ಕಳ ಚಿತ್ರಕ್ಕೆ ಲೋಕ ಆ ಮಟ್ಟದ ಗೌರವ ಕೊಟ್ಟ ಸಂದರ್ಭಗಳು ಅದಕ್ಕೂ ಮುಂಚೆ ಹೆಚ್ಚಿರಲಿಕ್ಕಿಲ್ಲ.

ಒಂದು ಮಾತು ಸೇರಿಸಲೇಬೇಕು. ಚಿಜೆಕ್ ತರಗತಿಯ ಮಕ್ಕಳ ಕೆಲಸಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಆ ಕಾಲದ ವಿಯೆನ್ನಾದ ಅಲಂಕಾರ ಶೈಲಿ ಎದ್ದು ಕಾಣುತ್ತದೆ, ಹಾಗಾಗಿ ಅಲ್ಲಿನ ಸ್ವಾತಂತ್ರ್ಯ ಅಂದುಕೊಂಡಷ್ಟು ಪೂರ್ತಿಯಾಗಿರಲಿಲ್ಲ ಎಂದು ಆಮೇಲಿನವರು ಟೀಕಿಸಿದರು. ಟೀಕೆ ನ್ಯಾಯವಾದದ್ದೇ. ಟೀಚರ್ ಹಾಳೆ ಮುಟ್ಟದಿದ್ದರೂ ಅವರ ಮುಖದ ಸಂತೋಷವನ್ನು ಮಕ್ಕಳು ಓದಿಕೊಳ್ಳುತ್ತಾರೆ, ಯಾವುದನ್ನು ಗೋಡೆಗೆ ಹಾಕುತ್ತಾರೆ ಎಂದು ಗಮನಿಸುತ್ತಾರೆ. ನಮ್ಮ ಟೀಚರಿಗೆ ಇದು ಗೊತ್ತಿದೆ. ಅದಕ್ಕೇ ಅವರು 'ಚೆನ್ನಾಗಿದೆ' ಎಂಬ ಮಾತನ್ನು ತೀರಾ ಅಳೆದು ಬಳಸುತ್ತಾರೆ. ಆಕಾಶಕ್ಕೆ ಇಷ್ಟು ಹಸಿರು ಹಾಕಿದ್ದೀಯ, ಇಲ್ಲಿ ಬ್ರಷ್ ಒಣಗಿತ್ತಲ್ಲ, ಈ ಮೂಲೆಯಲ್ಲಿ ಯಾರೂ ಇಲ್ಲ ಎಂದು ಕಂಡದ್ದನ್ನು ಕಂಡ ಹಾಗೆ ಹೇಳುತ್ತಾರೆ. ತನ್ನ ಚಿತ್ರವನ್ನು ಒಬ್ಬರು ನಿಜವಾಗಿ ನೋಡಿದ್ದಾರೆ ಎಂದು ಮಗುವಿಗೆ ಗೊತ್ತಾಗಲು ಅಷ್ಟು ಸಾಕು.

ನನ್ನ ಕಣ್ಣು ತೆರೆಸಿದ ಇನ್ನೊಂದು ವಿಷಯ ಮಕ್ಕಳ ಚಿತ್ರ ಬೆಳೆಯುವ ಬಗೆ. ಲಿಂಟ್ಸ್ ಊರಿನಲ್ಲಿ 1903ರಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ಅಂಧ ಮಕ್ಕಳಿಗೆ ಶಿಲ್ಪ ಕಲಿಸಿದ ವಿಕ್ಟರ್ ಲೋವೆನ್‌ಫೆಲ್ಡ್, ಹಿಟ್ಲರನ ನಾಟ್ಸಿಗಳು ಬಂದ ಮೇಲೆ ದೇಶ ಬಿಟ್ಟು ಅಮೆರಿಕಕ್ಕೆ ಹೋದರು. ಅವರು 1947ರಲ್ಲಿ ವಿವರಿಸಿದ ಹಂತಗಳನ್ನು ಕಲಾ ಶಿಕ್ಷಕರು ಇವತ್ತಿಗೂ ಬಳಸುತ್ತಾರೆ. ಎರಡರಿಂದ ನಾಲ್ಕರವರೆಗೆ ಗೀಚಾಟ. ನಾಲ್ಕರಿಂದ ಏಳರವರೆಗೆ ತಲೆಯಿಂದಲೇ ಕಾಲು ಹೊರಡುವ ಮನುಷ್ಯರು. ಏಳರಿಂದ ಒಂಬತ್ತರ ಸುಮಾರಿಗೆ ಹಾಳೆಯ ಕೆಳಗೆ ನೆಲದ ಗೆರೆ ಬರುತ್ತದೆ, ಮನೆ, ಮರ, ಮನುಷ್ಯರು ಅದರ ಮೇಲೆ ಸಾಲಾಗಿ ನಿಲ್ಲುತ್ತಾರೆ, ಆಕಾಶ ಮೇಲಿನ ಒಂದು ನೀಲಿ ಪಟ್ಟಿ. ಗೋಡೆಯ ಆಚೆಗಿನದೂ ಕಾಣುವ ಎಕ್ಸ್‌ರೇ ಚಿತ್ರ ಬರುವುದೂ ಆಗಲೇ.

ಮಗಳು ಬರೆದ ಟ್ರಾಮ್ ಚಿತ್ರದಲ್ಲಿ ಗಾಡಿಯ ಬದಿಯ ತಗಡು ಇದ್ದೂ ಒಳಗೆ ಕೂತವರ ಚಪ್ಪಲಿಯವರೆಗೂ ಕಾಣುತ್ತಿತ್ತು. ರಸ್ತೆಯ ಎರಡೂ ಬದಿಯ ಮನೆಗಳು ಆಚೆಗೊಂದು ಈಚೆಗೊಂದು ಮಲಗಿದ್ದವು. ಅವಳು ಕಂಡದ್ದನ್ನು ಬರೆದಿರಲಿಲ್ಲ, ಟ್ರಾಮಿನ ಬಗ್ಗೆ ಅವಳಿಗೆ ಗೊತ್ತಿದ್ದದ್ದನ್ನೆಲ್ಲ ಬರೆದಿದ್ದಳು. ಗಾಡಿಯೊಳಗೆ ಜನ ಇದ್ದಾರೆ, ಅವರಿಗೆ ಕಾಲಿದೆ, ರಸ್ತೆಗೆ ಎರಡು ಬದಿ ಇದೆ. ಅದನ್ನು 'ಸರಿಪಡಿಸಿದರೆ' ಅವಳ ತಿಳಿವನ್ನೇ ಅಳಿಸಿದ ಹಾಗೆ. ಪರ್‌ಸ್ಪೆಕ್ಟಿವ್ ಕಲಿಯಲು ಕಾಲವಿದೆ. ಒಂಬತ್ತು ಹತ್ತು ದಾಟುತ್ತಿದ್ದಂತೆ ಮಕ್ಕಳೇ ದೂರದ್ದು ಯಾಕೆ ಚಿಕ್ಕದಾಗಿ ಕಾಣುತ್ತದೆ ಎಂದು ಕೇಳತೊಡಗುತ್ತಾರೆ. ನನಗೆ ಬರೆಯಲು ಬರುವುದಿಲ್ಲ ಎಂದು ಬಹಳಷ್ಟು ಮಕ್ಕಳು ಪೆನ್ಸಿಲ್ ಕೆಳಗಿಡುವುದೂ ಸರಿಸುಮಾರು ಅದೇ ವಯಸ್ಸಿನಲ್ಲಿ. ಆಗ ಈ ಕ್ಲಾಸಿನಲ್ಲಿ ಕೇಳಿದವರಿಗೆ ದಾರಿ ತೋರಿಸುತ್ತಾರೆ, ಬೇಸರಗೊಂಡವರ ಕೈಗೆ ಅಚ್ಚೊತ್ತಲು ಲಿನೋ ಹಾಳೆ ಕೆತ್ತುವ ಉಳಿಯನ್ನೋ ಕಾಗದದ ಚೂರು ಅಂಟಿಸಿ ಮಾಡುವ ಕೊಲಾಜಿನ ಕತ್ತರಿಯನ್ನೋ ಕೊಡುತ್ತಾರೆ. ಹೋಲಿಕೆಯ ಭಯವಿಲ್ಲದ ಕೆಲಸ ಸಿಕ್ಕಿದ ಮಗು ಕಲೆಯನ್ನು ಬಿಡುವುದಿಲ್ಲ.

ಪರದೇಶಕ್ಕೆ ಬಂದ ಮಕ್ಕಳಿಗೆ ಇಂಥ ಕ್ಲಾಸು ಏನು ಕೊಡುತ್ತದೆ ಎಂದು ನಾನು ಹತ್ತಿರದಿಂದ ಕಂಡಿದ್ದೇನೆ. ಜರ್ಮನ್ ಬಾರದೆ ಮಗಳು ಶಾಲೆಯಲ್ಲಿ ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ. ಮನೆಯಲ್ಲಿ ಪಟಪಟ ಕನ್ನಡ, ಹೊರಗೆ ಮೌನ. ಚಿತ್ರದ ಮೇಜಿನ ಸುತ್ತ ಮಾತು ಕಡ್ಡಾಯವಲ್ಲ. ಕೆಂಪು ಬೇಕಾದರೆ ಬೆರಳು ತೋರಿಸಿದರೆ ಆಯಿತು. ಪಕ್ಕದ ಮಗು ಸಿರಿಯಾದಿಂದ ಬಂದದ್ದು, ಅದಕ್ಕೂ ಅದೇ ಪಾಡು. ಎರಡೂ ಸೇರಿ ದೊಡ್ಡ ಹಾಳೆಯಲ್ಲಿ ಒಂದು ಊರು ಕಟ್ಟಿದವು. ಊರಿನಲ್ಲಿ ಯಾರಿದ್ದಾರೆ ಎಂದು ಟೀಚರ್ ಕೇಳಿದಾಗ ಮಗಳು ಹೊರಗಿನವರೊಬ್ಬರಿಗೆ ಜರ್ಮನ್ನಿನಲ್ಲಿ ಮೊದಲ ಪೂರ್ತಿ ವಾಕ್ಯ ಹೇಳಿದಳು. ವಿಭಕ್ತಿ, ಲಿಂಗ ಎಲ್ಲ ತಪ್ಪಿತ್ತು. ಟೀಚರ್ ಅದನ್ನೂ ತಿದ್ದಲಿಲ್ಲ, ಮುಂದಿನ ಪ್ರಶ್ನೆ ಕೇಳಿದರು. ಆ ಹೆಣ್ಣುಮಗಳಿಗೆ ನಾನು ಋಣಿ.

ಆಗಾಗ ಅವರು ಮಕ್ಕಳನ್ನು ಕಲಾ ಇತಿಹಾಸದ ದೊಡ್ಡ ಮ್ಯೂಸಿಯಮ್ಮಿಗೆ ಕರೆದೊಯ್ಯುತ್ತಾರೆ. ಆಸ್ಟ್ರಿಯಾದ ಒಕ್ಕೂಟ ಸರ್ಕಾರದ ಮ್ಯೂಸಿಯಮ್‌ಗಳಲ್ಲಿ 2010ರಿಂದ 19 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಮಕ್ಕಳು ನೇರ ಹೋಗಿ ಕೂರುವುದು ಪೀಟರ್ ಬ್ರೂಗಲ್ 1560ರಲ್ಲಿ ಬರೆದ ಮಕ್ಕಳಾಟಗಳ ಚಿತ್ರದ ಮುಂದೆ. 200ಕ್ಕೂ ಹೆಚ್ಚು ಮಕ್ಕಳು, 80ಕ್ಕೂ ಹೆಚ್ಚು ಆಟಗಳು ಅದರಲ್ಲಿವೆ. ಬುಗುರಿ, ಗಾಲಿ ಓಡಿಸುವುದು, ಕಲ್ಲಾಟದಂತೆ ಮೂಳೆ ಎಸೆದು ಹಿಡಿಯುವುದು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹುಡುಕುವುದು, ಮರಗಾಲು. ನನ್ನ ಬಾಲ್ಯವೂ ಅದರಲ್ಲಿ ಅರ್ಧ ಸಿಕ್ಕಿತು. ಮಕ್ಕಳು ನೆಲದ ಮೇಲೆ ಕೂತು ಒಂದು ಆಟ ಆರಿಸಿ ಪೆನ್ಸಿಲ್ಲಿನಲ್ಲಿ ಬರೆದುಕೊಂಡರು. ನಕಲು ಮಾಡಲು ಯಾರೂ ಹೇಳಲಿಲ್ಲ. ಚಿತ್ರದಲ್ಲಿಲ್ಲದ ನಿನ್ನ ಒಂದು ಆಟ ಸೇರಿಸು ಎಂದರು. ಮಗಳು ಕುಂಟೆಬಿಲ್ಲೆ ಸೇರಿಸಿದಳು.

ಚಿಜೆಕ್ ಅವರ ಬಳಿ ಕಲಿತವರಲ್ಲಿ ಒಬ್ಬರ ಹೆಸರನ್ನು ನೀವು ತಿಳಿದಿರಬೇಕು ಎಂಬ ಆಸೆ ನನಗೆ. ಫ್ರೀಡಲ್ ಡಿಕರ್ ಬ್ರಾಂಡೈಸ್ 1898ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ ಕಲಾವಿದೆ, ಜರ್ಮನಿಯ ಹೆಸರಾಂತ ಕಲೆ ಮತ್ತು ವಿನ್ಯಾಸದ ಶಾಲೆ ಬೌಹೌಸ್‌ನಲ್ಲಿ ಓದಿದವರು. ನಾಟ್ಸಿಗಳು 1942ರ ಡಿಸೆಂಬರಿನಲ್ಲಿ ಅವರನ್ನು ಯಹೂದಿಗಳನ್ನು ಕೂಡಿಹಾಕಿದ್ದ ತೆರೆಜಿನ್ ಘೆಟ್ಟೋಗೆ ಸಾಗಿಸಿದರು. ಅಲ್ಲಿ ಅವರು ಕೂಡಿಹಾಕಿದ ಮಕ್ಕಳಿಗೆ ಗುಟ್ಟಾಗಿ ಚಿತ್ರ ಕಲಿಸಿದರು, ಕಚೇರಿಯ ಹಳೆಯ ಫಾರಂಗಳ ಹಿಂಬದಿಯಲ್ಲಿ, ಸಿಕ್ಕಿದ ಚೂರು ಕಾಗದಗಳಲ್ಲಿ. ಪ್ರತಿ ಚಿತ್ರದ ಮೇಲೂ ಮಗು ತನ್ನ ಹೆಸರು ಬರೆಯಲೇಬೇಕು ಎನ್ನುತ್ತಿದ್ದರು. ಸಂಖ್ಯೆ ಹಚ್ಚಿಸಿಕೊಂಡ ಮಕ್ಕಳಿಗೆ ಹೆಸರು. 1944ರ ಅಕ್ಟೋಬರಿನಲ್ಲಿ ಅವರನ್ನು ಆಶ್ವಿಟ್ಸ್ ಸಾವಿನ ಶಿಬಿರಕ್ಕೆ ಒಯ್ದು ಕೊಂದರು. ಹೋಗುವ ಮುನ್ನ ಅವರು ಬಚ್ಚಿಟ್ಟ ಎರಡು ಸೂಟ್‌ಕೇಸ್‌ಗಳಲ್ಲಿ ಸುಮಾರು 4,500 ಚಿತ್ರಗಳಿದ್ದವು. ಬರೆದ ಮಕ್ಕಳಲ್ಲಿ ಹೆಚ್ಚಿನವರು ಬದುಕಿ ಬರಲಿಲ್ಲ. ಚಿತ್ರಗಳು ಪ್ರಾಗ್‌ನ ಯಹೂದಿ ಮ್ಯೂಸಿಯಮ್ಮಿನಲ್ಲಿವೆ, ಕೆಲವನ್ನು ಅಲ್ಲಿನ ಪಿಂಕಾಸ್ ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ನೋಡಬಹುದು. ಹೂವು, ಚಿಟ್ಟೆ, ಊಟದ ಮೇಜು, ಮನೆಗೆ ಹೋಗುವ ದಾರಿ. ಚಿತ್ರಕಲೆ ಬಿಡುವಿನ ಕಾಲಕ್ಷೇಪ ಎಂದು ಯಾರಾದರೂ ಹೇಳಿದರೆ ನನಗೆ ಈ ಹೆಣ್ಣುಮಗಳ ನೆನಪಾಗುತ್ತದೆ, ಸುಮ್ಮನಿರಲು ಆಗುವುದಿಲ್ಲ.

ನಮ್ಮ ಕ್ಲಾಸಿನಲ್ಲಿ ಬಹುಮಾನ ಇಲ್ಲ. ಬೇಸಿಗೆ ರಜೆಗೆ ಮುಂಚೆ ಒಂದು ಪ್ರದರ್ಶನ ಇರುತ್ತದೆ, ಎಲ್ಲರ ಚಿತ್ರವೂ ಗೋಡೆಯಲ್ಲಿ, ಕೆಳಗೆ ಹೆಸರು ಮತ್ತು ವಯಸ್ಸು. ಯಾವುದನ್ನು ತೂಗುಹಾಕಬೇಕೆಂದು ಆಯಾ ಮಗುವೇ ಆರಿಸುತ್ತದೆ. ಊರಿನಲ್ಲಿ ಮಕ್ಕಳನ್ನು ಡ್ರಾಯಿಂಗ್ ಕ್ಲಾಸಿಗೆ ಸೇರಿಸಬೇಕೆಂದಿರುವವರು ಮೊದಲು ಅಲ್ಲಿನ ಗೋಡೆ ನೋಡಿ. ಎಲ್ಲ ಹಾಳೆಯಲ್ಲೂ ಒಂದೇ ಸೂರ್ಯಾಸ್ತ, ಒಂದೇ ತೆಂಗಿನಮರ ಇದ್ದರೆ ಅಲ್ಲಿ ಕೈ ಪಳಗುತ್ತದೆ, ಸರಿ, ಅದಕ್ಕೂ ಬೆಲೆ ಇದೆ. ಮಗುವಿನ ಸ್ವಂತ ಯೋಚನೆ ಚಿಗುರಬೇಕೆಂದರೆ ಬೇರೆ ಗೋಡೆ ಹುಡುಕಿ.

ಅಜ್ಜಿ ತಾತಂದಿರಿಗೂ ಒಂದು ವಿನಂತಿ. ಮೊಮ್ಮಕ್ಕಳು ವಿಡಿಯೊ ಕಾಲಿನಲ್ಲಿ ಚಿತ್ರ ತೋರಿಸಿದಾಗ 'ಇದೇನು ಪುಟ್ಟಾ' ಎಂದು ಕೇಳುವ ಬದಲು, ಇವರೆಲ್ಲ ಎಲ್ಲಿಗೆ ಹೊರಟಿದ್ದಾರೆ, ಈ ಕಿಟಕಿಯ ಒಳಗೆ ಯಾರಿದ್ದಾರೆ ಎಂದು ಕೇಳಿ ನೋಡಿ. ಬೇರೆ ಭಾಷೆಯ ನಾಡಿನಲ್ಲಿ ಬೆಳೆಯುತ್ತಿರುವ ಮಕ್ಕಳು ಅಷ್ಟು ಉದ್ದಕ್ಕೆ ಕನ್ನಡ ಮಾತಾಡುವುದು ಬೇರೆ ಯಾವ ನೆಪದಲ್ಲೂ ನನಗೆ ಸಿಕ್ಕಿಲ್ಲ.