‘ನನಗೆ ಪರವಾ ಇದೆ’

ಕಳೆದ ಶನಿವಾರ ವರ್ಮಾಂಟ್ ರಾಜ್ಯದ ಬ್ರೆಡ್‌ಲೋಫ್‌ನಲ್ಲಿ ಸ್ಪರ್ಧೆ ಮುಗಿಸಿ, ಎರಡೂ ಸ್ಕೀಗಳನ್ನು ಕೈಯಲ್ಲಿ ಹಿಡಿದುಕೊಂಡು ಬೇಲಿಯ ಬಳಿ ಬಂದ ಮಗಳಿಗೆ ನಾನು, ‘ಪರವಾಗಿಲ್ಲ ಬಿಡು ಪುಟ್ಟಿ’ ಎಂದೆ. ಇನ್ನೂ ಉಸಿರು ತಹಬಂದಿಗೆ ಬಂದಿರದ ಅವಳು ತಲೆಯೆತ್ತಿ, ‘ಪರವಾಗಿಲ್ಲ ಅನ್ನಬೇಡ ಅಪ್ಪ, ನನಗೆ ಪರವಾ ಇದೆ’ ಎಂದಳು. ಅಮೆರಿಕದಲ್ಲೇ ಹುಟ್ಟಿದ ಅವಳ ಕನ್ನಡ ನಮ್ಮ ಅಡುಗೆಮನೆಯಲ್ಲಿ ಕಲಿತ ಕನ್ನಡ. ಬೇಕಾದ ಪದ ಸಿಗದಿದ್ದಾಗ ಇರುವ ಪದವನ್ನೇ ಮುರಿದು ಹೊಸದು ಮಾಡಿಕೊಳ್ಳುವುದು ಅವಳಿಗೆ ಚಿಕ್ಕಂದಿನಿಂದ ಅಭ್ಯಾಸ. ಬೇರೆ ದಿನವಾಗಿದ್ದರೆ ತಿದ್ದುತ್ತಿದ್ದೆ. ಅಂದು ತಿದ್ದುವ ಧೈರ್ಯ ಬರಲಿಲ್ಲ.

ಅವಳು ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡಿನ ಒಂದು ಸಣ್ಣ ಕಾಲೇಜಿನ ಕ್ರಾಸ್‌ಕಂಟ್ರಿ ಸ್ಕೀ ತಂಡದಲ್ಲಿದ್ದಾಳೆ. ಕಾಲಿಗೆ ಉದ್ದನೆಯ ಸ್ಕೀ ಪಟ್ಟಿಗಳನ್ನು ಕಟ್ಟಿ, ಕೈಯಲ್ಲಿ ಕೋಲು ಹಿಡಿದು, ಹಿಮದ ಏರಿಳಿತದ ದಾರಿಯಲ್ಲಿ ಓಡುವ ಸ್ಪರ್ಧೆ ಅದು. ಇಲ್ಲಿನ ಕಾಲೇಜುಗಳು ಜನವರಿಯ ನಡುವಿನಿಂದ ಫೆಬ್ರವರಿಯ ಕೊನೆಯವರೆಗೆ ವಾರಾಂತ್ಯಗಳಲ್ಲಿ ಒಂದೊಂದು ಕಡೆ ಸೇರಿ ಸ್ಪರ್ಧಿಸುತ್ತವೆ. ಈ ಕೂಟಗಳಿಗೆ ಕಾರ್ನಿವಲ್ ಎನ್ನುತ್ತಾರೆ. ಡಾರ್ಟ್‌ಮತ್ ಕಾಲೇಜಿನ ಕಾರ್ನಿವಲ್ 1911ರಷ್ಟು ಹಳೆಯದು. ಒಂದು ಓಟಕ್ಕೆ ಒಂದು ಕಾಲೇಜು ಆರು ಮಂದಿ ಹುಡುಗಿಯರನ್ನು ಇಳಿಸಬಹುದು. ಆದರೆ ತಂಡದ ಅಂಕಕ್ಕೆ ಸೇರುವುದು ಅವರಲ್ಲಿ ಮುಂದೆ ಬಂದ ಮೂವರ ಫಲಿತಾಂಶ ಮಾತ್ರ. ನನ್ನ ಮಗಳು ಆರನೆಯವಳು. ಜೂನ್ ತಿಂಗಳಿನಿಂದ ಡಾಂಬರು ರಸ್ತೆಯ ಮೇಲೆ ಚಕ್ರದ ಸ್ಕೀ ಕಟ್ಟಿಕೊಂಡು, ಶರತ್ಕಾಲದಲ್ಲಿ ಕೋಲು ಹಿಡಿದು ಗುಡ್ಡ ಹತ್ತಿ, ನವೆಂಬರಿನಲ್ಲಿ ಹಿಮವನ್ನು ಹುಡುಕಿಕೊಂಡು ಕೆನಡಾದ ಕ್ವಿಬೆಕ್‌ವರೆಗೆ ಹೋಗಿ ಅವಳು ಮಾಡಿದ ಅಭ್ಯಾಸವೆಲ್ಲ ಈ ಆರನೆಯ ಜಾಗಕ್ಕಾಗಿ.

ಶನಿವಾರದ ಓಟ ಕ್ಲಾಸಿಕ್ ಶೈಲಿಯ, ಎಂದರೆ ಹಿಮದಲ್ಲಿ ಕೊರೆದ ಜೋಡಿ ಜಾಡಿನಲ್ಲಿ ಸ್ಕೀಗಳನ್ನು ನೇರವಾಗಿ ಜಾರಿಸುವ, 10 ಕಿಲೋಮೀಟರ್. 5 ಕಿಲೋಮೀಟರಿನ ಎರಡು ಸುತ್ತು, 30 ಸೆಕೆಂಡಿಗೆ ಒಬ್ಬರಂತೆ ಹೊರಡಬೇಕು. ಕ್ಲಾಸಿಕ್‌ನಲ್ಲಿ ಸ್ಕೀಯ ಮುಂಭಾಗಕ್ಕೂ ಹಿಂಭಾಗಕ್ಕೂ ಜಾರುವ ಮೇಣವನ್ನೂ, ಪಾದದ ಕೆಳಗಿನ ನಡುಭಾಗಕ್ಕೆ ಹಿಡಿತದ ಮೇಣವನ್ನೂ ಹಚ್ಚುತ್ತಾರೆ. ಕಾಲನ್ನು ಒತ್ತಿದಾಗ ನಡುಭಾಗ ಹಿಮವನ್ನು ಕಚ್ಚಿಕೊಳ್ಳಬೇಕು, ಎತ್ತಿದಾಗ ಬಿಟ್ಟುಬಿಡಬೇಕು. ಚಳಿ ಗಟ್ಟಿಯಾಗಿದ್ದರೆ ಇದು ಅಷ್ಟು ಕಷ್ಟವಲ್ಲ. ಆದರೆ 0 ಡಿಗ್ರಿಯ ಆಸುಪಾಸಿನಲ್ಲಿ, ಹಳೆಯ ಹಿಮದ ಮೇಲೆ ಒದ್ದೆ ಹೊಸ ಹಿಮ ಬೀಳತೊಡಗಿದರೆ ಯಾವ ಮೇಣವೂ ನಂಬಿಕೆಗೆ ಅರ್ಹವಲ್ಲ. ಒಂದೋ ಕಾಲು ಹಿಂದಕ್ಕೆ ಜಾರುತ್ತದೆ, ಇಲ್ಲವೇ ಮೇಣಕ್ಕೆ ಹಿಮ ಮೆತ್ತಿಕೊಂಡು ಗಡ್ಡೆ ಕಟ್ಟುತ್ತದೆ. ಒದ್ದೆ ಹಿಮದಲ್ಲಿ ಜಾರಿಸುತ್ತಿದ್ದ ಫ್ಲೋರಿನ್ ಮೇಣಗಳನ್ನು ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 2023–24ರ ಋತುವಿನಿಂದ ನಿಷೇಧಿಸಿದೆ. ಅವು ಮಣ್ಣು ನೀರುಗಳಲ್ಲದೆ ಮೇಣ ಕಾಯಿಸುವವರ ರಕ್ತವನ್ನೂ ಸೇರುತ್ತಿದ್ದುದರಿಂದ ಆ ನಿಷೇಧ ಇನ್ನೂ ಮೊದಲೇ ಬರಬೇಕಿತ್ತು ಎಂದೇ ನನ್ನ ಅಭಿಪ್ರಾಯ.

ಅಂದು ಬೆಳಗ್ಗೆ ಆರು ಗಂಟೆಗೆ ನಾನು ಕಾರಿನಿಂದ ಇಳಿದಾಗಲೇ ನಮ್ಮ ತರಬೇತುದಾರರು ತಲೆದೀಪ ಕಟ್ಟಿಕೊಂಡು, ಎರಡು ಕಾಲಿಗೆ ಎರಡು ಬಗೆಯ ಮೇಣದ ಸ್ಕೀ ಹಾಕಿಕೊಂಡು ಪರೀಕ್ಷಿಸುತ್ತಿದ್ದರು. ಓಟಕ್ಕೆ ಅರ್ಧ ಗಂಟೆ ಇರುವಾಗ ಹಿಮ ಬೀಳತೊಡಗಿತು. ಪಕ್ಕದ ತಂಡದವರು ಕೂಡಲೇ ಮೇಣವನ್ನು ಕೈಬಿಟ್ಟು, ಬಡಗಿಗಳು ಬಳಸುವಂಥ ಉಪ್ಪುಕಾಗದದಿಂದ ಸ್ಕೀಯ ನಡುಭಾಗವನ್ನು ಉಜ್ಜಿ, ಮೇಣವಿಲ್ಲದೆಯೇ ಹಿಮವನ್ನು ಕಚ್ಚುವಂತೆ ನವಿರು ಕೂದಲಿನಂಥ ಎಳೆಗಳನ್ನು ಏಳಿಸಿದ ಜೋಡಿಗಳನ್ನು ಹೊರತೆಗೆದರು. ನಮ್ಮವರು ಮೇಣವನ್ನೇ ನಂಬಿದರು. ಅದು ತಪ್ಪು ನಿರ್ಧಾರವಾಗಿತ್ತು; ಸಂಜೆ ಅವರೇ ಇಡೀ ತಂಡದೆದುರು ಹಾಗೆಂದು ಒಪ್ಪಿಕೊಂಡರು. ಅಷ್ಟು ನೇರವಾಗಿ ತಪ್ಪೊಪ್ಪಿಕೊಂಡವರನ್ನು ಮೆಚ್ಚಲೇಬೇಕು, ಆದರೂ ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ನಾನು ನಿಂತಿದ್ದುದು ಉದ್ದದ ಏರಿನ ನಡುವೆ. ಮೊದಲ ಸುತ್ತಿನಲ್ಲಿ ಅವಳು ಬಂದಾಗ ಸ್ಕೀಗಳು ಜಾರುತ್ತಿರಲಿಲ್ಲ. ಮರದ ಪಾದುಕೆ ಕಟ್ಟಿಕೊಂಡವಳಂತೆ ಹೆಜ್ಜೆಯೂರಿ ನಡೆಯುತ್ತಿದ್ದಳು. ನನಗಿಂತ ಹತ್ತು ಮಾರು ಕೆಳಗೆ ಜಾಡಿನಿಂದ ಪಕ್ಕಕ್ಕೆ ಸರಿದು ನಿಂತಳು. ಎಡಗಾಲನ್ನೆತ್ತಿ ಅದರ ತಳವನ್ನು ಬಲ ಸ್ಕೀಯ ಅಂಚಿಗೆ ಒಮ್ಮೆ, ಎರಡು ಬಾರಿ, ಮೂರು ಬಾರಿ ಕೆರೆದಳು. ಅಂಗೈಯಗಲದ ಬಿಳಿ ಗಡ್ಡೆ ಕಳಚಿ ಬಿತ್ತು. ಮತ್ತೆ ಬಲಗಾಲು. ಅಷ್ಟರಲ್ಲಿ ಮೂವರು ಅವಳನ್ನು ದಾಟಿ ಹೋದರು. ನಾನು ಹೆಸರು ಹಿಡಿದು ಕೂಗಿದೆ, ಅವಳಿಗೆ ಕೇಳಿಸಲಿಲ್ಲ. ಪಕ್ಕದಲ್ಲಿದ್ದ ಇನ್ನೊಬ್ಬ ಹುಡುಗಿಯ ತಂದೆ ಮೊಬೈಲಿನಲ್ಲಿ ಸಮಯಗಳನ್ನು ನೋಡುತ್ತಾ, ‘ಅವಳ ಓಟ ಮುಗಿಯಿತು’ ಎಂದರು. ಕೆಟ್ಟ ಮನುಷ್ಯರಲ್ಲ, ಎಲ್ಲ ಸ್ಪರ್ಧೆಗೂ ಬರುವವರು, ಎಲ್ಲ ಮಕ್ಕಳಿಗೂ ಬಿಸಿ ಸೂಪು ತರುವವರು. ಆದರೂ ಆ ಮಾತನ್ನು ಅವರು ಆಡಬಾರದಿತ್ತು. ಇಂಥವರಿಗೆ ಪರದೆಯ ಮೇಲಿನ ಅಂಕಿಯೇ ಓಟ.

ಎರಡನೇ ಸುತ್ತಿನಲ್ಲಿ ಅದೇ ಏರಿಗೆ ಅವಳು ಬಂದ ರೀತಿ ಬೇರೆಯಾಗಿತ್ತು. ಹೆಜ್ಜೆಗಳು ಗಿಡ್ಡವಾಗಿದ್ದವು, ಬಿರುಸಾಗಿದ್ದವು. ಯಾವ ಸ್ಕೀಯೂ ಒಂದು ಕ್ಷಣವೂ ನಿಂತಿರಲಿಲ್ಲ. ಕಡಿದಾದ ಕಡೆ ಜಾಡು ಬಿಟ್ಟು ಸ್ಕೀಗಳ ತುದಿ ಹೊರಳಿಸಿ ಮೀನಿನ ಮುಳ್ಳಿನಂಥ ಗುರುತು ಬಿಡುತ್ತಾ ಓಡಿಯೇ ಹತ್ತಿದಳು. ಸಮತಟ್ಟು ಸಿಕ್ಕಿದೊಡನೆ ಎರಡೂ ಕೋಲುಗಳನ್ನು ಒಟ್ಟಿಗೆ ಊರಿ ಬರೀ ತೋಳಿನ ಬಲದಿಂದ ತಳ್ಳಿಕೊಂಡು ಹೋದಳು. ನಾನು ನೋಡಿದೆ, ಆದರೆ ನೋಡಿದ್ದನ್ನು ಅರ್ಥ ಮಾಡಿಕೊಳ್ಳಲಿಲ್ಲ. ನನ್ನ ಕಣ್ಣಲ್ಲಿ ಇನ್ನೂ ಆ ಬಿಳಿ ಗಡ್ಡೆಯೇ ಇತ್ತು. ಅವಳು ಕೊನೆಯವರಿಂದ ಏಳನೆಯವಳಾಗಿ ಬಂದಳು, ನಾನು ‘ಪರವಾಗಿಲ್ಲ’ ಎಂದೆ.

ಈ ವಾರವೆಲ್ಲ ಆ ಪದವನ್ನೇ ಯೋಚಿಸುತ್ತಿದ್ದೇನೆ. ಶಿರಸಿಯಲ್ಲಿ ನಾನು ಬೆಳೆದ ಮನೆಯಲ್ಲಿ ಅದು ದಿನಕ್ಕೆ ಹತ್ತು ಸಲ ಕೇಳಿಸುವ ಮಾತು. ಹಾಲು ಚೆಲ್ಲಿದರೂ ಪರವಾಗಿಲ್ಲ, ಅಂಕ ಕಡಿಮೆಯಾದರೂ ಪರವಾಗಿಲ್ಲ, ಹಾಡು ಚೆನ್ನಾಗಿದ್ದರೂ ‘ಪರವಾಗಿಲ್ಲವೇ!’ ನಮ್ಮ ಅಪ್ಪ ಆ ಮಾತಿನಿಂದ ನನ್ನನ್ನು ಎಷ್ಟೋ ಸಲ ಕಾಪಾಡಿದ್ದರು, ಆದ್ದರಿಂದಲೇ ಅದು ಯಾರಿಗೂ ನೋವು ಮಾಡೀತೆಂದು ನಾನು ಎಣಿಸಿರಲಿಲ್ಲ. ಆದರೆ ಅಂಕಪಟ್ಟಿಗೆ ಸೇರದ ಆರನೆಯವಳಿಗೆ ಪರವಾಗಿಲ್ಲ ಎಂದರೆ ಅದರ ಅರ್ಥವೇ ಬೇರೆ. ಅವಳ ಫಲಿತಾಂಶವನ್ನು ತಂಡ ಎಣಿಸುವುದಿಲ್ಲ; ಅವಳ ಕಷ್ಟವನ್ನು ಎಣಿಸಲು ಉಳಿದಿದ್ದವನು ನಾನೊಬ್ಬ. ನಾನೂ ಅದನ್ನು ಲೆಕ್ಕದಿಂದ ತೆಗೆದುಬಿಟ್ಟೆ. ನನ್ನ ಹೆಂಡತಿ ಅಂದು ಅವಳ ಕೈಯಿಂದ ಸ್ಕೀ ತೆಗೆದುಕೊಂಡು, ‘ಕಾಲು ನೋಯುತ್ತಿದೆಯಾ?’ ಎಂದಷ್ಟೇ ಕೇಳಿದಳು. ಸಮಾಧಾನ ಹೇಳುವ ಆತುರ ಅವಳಿಗೆ ಎಂದೂ ಇರಲಿಲ್ಲ.

ಭಾನುವಾರ ಊರಿನಿಂದ ಅಮ್ಮನ ಫೋನು ಬಂತು. ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಇದೇ ಕ್ರಾಸ್‌ಕಂಟ್ರಿಯಲ್ಲಿ ಪದಕ ಗೆದ್ದ ಕೊಡಗಿನ ಭವಾನಿಯ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ದೇವರಮನೆಯ ಗೂಡಿನಲ್ಲಿ ಇಟ್ಟುಕೊಂಡಿರುವವರು ಅವರು. ‘ಎಷ್ಟನೆಯವಳಾಗಿ ಬಂದಳು?’ ಎಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಹಿಮ ಕೆರೆಯಲು ಎಷ್ಟು ಹೊತ್ತು ಹಿಡಿಯಿತಂತೆ?’ ಎಂದರು. ನನಗೆ ಗೊತ್ತಿರಲಿಲ್ಲ.

ನಿನ್ನೆ ರಾತ್ರಿ ಮಗಳಿಗೆ ಫೋನು ಮಾಡಿದೆ. ಮಾರ್ಚಿನ ರಾಷ್ಟ್ರೀಯ ಕಾಲೇಜು ಸ್ಪರ್ಧೆಗೆ ಒಂದು ಕಾಲೇಜಿನಿಂದ ಹೆಚ್ಚೆಂದರೆ ಮೂವರು ಹುಡುಗಿಯರು ಹೋಗಬಹುದಾದ್ದರಿಂದ ಅವಳ ಋತು ಮುಗಿದಿದೆ. ಇಸ್ತ್ರಿಪೆಟ್ಟಿಗೆ ಕಾಯಿಸಿ ಸ್ಕೀಗಳ ತಳಕ್ಕೆ ಬೇಸಿಗೆಯ ದಪ್ಪ ಮೇಣ ಕರಗಿಸಿ ಹಚ್ಚುತ್ತಿದ್ದಳು. ಅದನ್ನು ಕೆರೆಯದೆ ನವೆಂಬರಿನವರೆಗೆ ಹಾಗೆಯೇ ಬಿಡುತ್ತಾರೆ. ‘ಎರಡನೇ ಸುತ್ತಿನಲ್ಲಿ ಆ ಏರನ್ನು ಹೇಗೆ ಹತ್ತಿದೆ? ನನಗೆ ಮೊದಲಿನಿಂದ ಹೇಳು’ ಎಂದೆ.

ಇಸ್ತ್ರಿಪೆಟ್ಟಿಗೆ ಕೆಳಗಿಟ್ಟ ಸದ್ದಾಯಿತು. ‘ಫಸ್ಟ್ ಏನು ಗೊತ್ತಾ ಅಪ್ಪ, ನಿಂತರೆ ಐಸ್ ಕಟ್ಟುತ್ತೆ. ಅದಕ್ಕೆ ನಾನು ನಿಲ್ಲೋದೇ ಬೇಡ ಅಂತ...’ ಎಂದು ಶುರು ಮಾಡಿದಳು.